ಎರಡೆಕರೆ ಗುತ್ತಿಗೆ, ಎಂಟು ಹಸು

ನಮ್ಮ ಕಾಂಪೌಂಡ್ ಗೋಡೆಯ ಆಚೆಗೆ ಎಂಟು ಸೀಮೆ ಹಸುಗಳಿವೆ. ರಾಮಮೂರ್ತಿ ನಗರದಲ್ಲಿ ಹಸುಗಳೇ ಎಂದು ಮನೆಗೆ ಬಂದ ನೆಂಟರು ಕೇಳುತ್ತಾರೆ. ರಿಂಗ್ ರೋಡಿನಿಂದ ಟಿ.ಸಿ. ಪಾಳ್ಯದ ಕಡೆಗೋ ಕಲ್ಕೆರೆ ಕಡೆಗೋ ಒಂದಿಷ್ಟು ಒಳಗೆ ಬಂದು ನೋಡಬೇಕು. ಅಪಾರ್ಟ್‌ಮೆಂಟುಗಳ ಸಂದಿನಲ್ಲಿ ಹಳೇ ಊರುಗಳ ತುಂಡುಗಳು ಇನ್ನೂ ಉಳಿದಿವೆ. ಒಂದು ಮುನೇಶ್ವರನ ಗುಡಿ, ಒಂದು ಅರಳೀಕಟ್ಟೆ, ತಗಡು ಹೊದಿಸಿದ ಕೊಟ್ಟಿಗೆ, ಗೋಡೆಗೆ ತಟ್ಟಿದ ಬೆರಣಿ. ಬೆಳಕು ಹರಿಯುವ ಮೊದಲೇ ಕರಾವು ಮುಗಿದು, ವರ್ತನೆ ಹಾಲಿನ ಕ್ಯಾನು ಸ್ಕೂಟರ್ ಏರಿ ಬೀದಿ ಬೀದಿ ಸುತ್ತುತ್ತದೆ.

ಕೊಟ್ಟಿಗೆಯ ಒಡತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತೇವೆ. ನಾನು ಕೋಲಾರ ಸೀಮೆಯ ರೈತರ ಮನೆಯಲ್ಲಿ ಹುಟ್ಟಿ ಮೇಷ್ಟ್ರಾದವನು. ಹುಲ್ಲು, ಹಸು, ಜಮೀನಿನ ವಿಚಾರವಿದ್ದರೆ ಅಕ್ಕ ಗೋಡೆ ಹತ್ತಿರ ಬಂದು ಕರೆಯುತ್ತಾರೆ. ಈ ಸಲ ಬಂದ ವಿಚಾರ ದೊಡ್ಡದು.

“ಮೇಷ್ಟ್ರೇ, ಹೊಸಕೋಟೆಯಿಂದ ಆಚೆಗೆ ಎರಡೆಕರೆ ಗುತ್ತಿಗೆಗೆ ಕೊಡ್ತೀನಿ ಅಂತವ್ರೆ. ನಮ್ಮನೆಯೋರು ಹಿಡಿಯೋಣ ಅಂತಾರೆ. ಸೀಮೆಹುಲ್ಲು ನೆಟ್ಕೊಂಡ್ರೆ ಇನ್ನೂ ನಾಲ್ಕು ಹಸು ಕಟ್ಟಬೋದು. ನೀವೇನಂತೀರಾ?”

ಅಕ್ಕನ ಆಸೆಯಲ್ಲಿ ತಪ್ಪೇನಿಲ್ಲ. ಗಿರಾಕಿಗಳು ಹೆಚ್ಚುತ್ತಲೇ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ವರ್ತನೆ ಹಾಲಿನ ದರವೂ ಒಂದಿಷ್ಟು ಚೇತರಿಸಿಕೊಂಡಿತು. ಎದುರಿಗೆ ಕರೆದು ಕೊಡುವ ಹಾಲೇ ಬೇಕೆನ್ನುವ ಮನೆಗಳು ಸುತ್ತ ಬೇಕಾದಷ್ಟಿವೆ. ಕೊಡಲು ಹಾಲೊಂದು ಇದ್ದರೆ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ.

“ಅಕ್ಕಾ, ಹೊಸ ನಾಲ್ಕರ ಮಾತು ಆಮೇಲೆ. ಇರೋ ಎಂಟರ ಹೊಟ್ಟೆ ಲೆಕ್ಕ ಮೊದಲು ಹಾಕೋಣ” ಎಂದೆ.

ನಾಲ್ಕುನೂರು ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ 25 ಕಿಲೋ ಹಸಿ ಮೇವು, ಐದಾರು ಕಿಲೋ ಒಣಹುಲ್ಲು, ಮೇಲೆ ಹಾಲಿಗೆ ತಕ್ಕ ಹಾಗೆ ಬೂಸ, ಹಿಂಡಿ ಬೇಕು. ಎಂಟು ಹಸುವಿಗೆ ದಿನಕ್ಕೆ 200 ಕಿಲೋ ಹಸಿ ಮೇವಾಯಿತು. ವರ್ಷಕ್ಕೆ 73 ಟನ್. ಸೀಮೆಹುಲ್ಲಿನಲ್ಲಿ ಈಗ ಎಲ್ಲರ ಬಾಯಲ್ಲಿರುವುದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಸಿಒ-4, ಸಿಒ-5. ಸಜ್ಜೆ ಮತ್ತು ನೇಪಿಯರ್ ಹುಲ್ಲು ಕೂಡಿಸಿ ಮಾಡಿದ ತಳಿಗಳು. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಂದು. ನೀರು, ಗೊಬ್ಬರ ಎರಡೂ ತಪ್ಪದಿದ್ದರೆ ಎಕರೆಗೆ ವರ್ಷಕ್ಕೆ 150 ಟನ್ ಎನ್ನುತ್ತದೆ ಪುಸ್ತಕ. ನಮ್ಮ ಬಯಲುಸೀಮೆಯ ನೆಲದಲ್ಲಿ 100 ಟನ್ ಎಂದು ಹಿಡಿದರೂ ಮುಕ್ಕಾಲು ಎಕರೆ ಈ ಎಂಟಕ್ಕೆ ಸಾಕು. ಎರಡೆಕರೆಯೆಂದರೆ ಇಪ್ಪತ್ತು ಹಸುವಿನ ಮೇವು.

ಅಕ್ಕನ ಮುಖ ಅರಳಿತು. “ನಮ್ಮನೆಯೋರೂ ಅದನ್ನೇ ಹೇಳಿದ್ದು!”

ಲೆಕ್ಕ ಸರಿಯಾಗಿದೆ, ಆದರೆ ಅದು ನಿಂತಿರುವುದು ನೀರಿನ ಮೇಲೆ. ಹೊಸಕೋಟೆ, ಮಾಲೂರು, ಕೋಲಾರದ ಕಡೆ ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಲ್ಲಿ ನೀರಿರುವವನು ಟೊಮೇಟೊ ಹಾಕುತ್ತಾನೆ, ಗುಲಾಬಿ ಹಾಕುತ್ತಾನೆ. ಗುತ್ತಿಗೆಗೆ ಸಿಗುವುದು ಹೆಚ್ಚಾಗಿ ನೀರಿಲ್ಲದ ಹೊಲ. ಬೋರ್‌ವೆಲ್ ಇದೆ ಎಂದರೂ ಏಪ್ರಿಲ್ ತಿಂಗಳಲ್ಲಿ ಎಷ್ಟು ಹೊತ್ತು ಎಷ್ಟು ಇಂಚು ನೀರು ಬರುತ್ತದೆ ಎಂದು ನಿಂತು ನೋಡದೆ ನಂಬಬಾರದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪೂರ್ವ ಭಾಗ ಟ್ಯಾಂಕರಿಗೆ ಕಾದು ಕೂತದ್ದು ಯಾರಿಗೂ ಮರೆತಿಲ್ಲ. ಒಂದು ಹಸು ದಿನಕ್ಕೆ 60ರಿಂದ 70 ಲೀಟರ್ ನೀರು ಕುಡಿಯುತ್ತದೆ. ಎಂಟಕ್ಕೆ ಕುಡಿಯಲು ಬೇಕಾದ 500 ಲೀಟರನ್ನೇ ಅಕ್ಕ ಆ ಬೇಸಿಗೆಯಲ್ಲಿ ಹೇಗೋ ಹೊಂದಿಸಿದರು. ಇನ್ನು ಹುಲ್ಲಿಗೆ ನೀರು ಎಲ್ಲಿಂದ ಬರಬೇಕು?

ನೀರಿಗಿಂತ ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಇನ್ನೊಂದು.

“ಗುತ್ತಿಗೆ ಎಷ್ಟು ವರ್ಷಕ್ಕಂತೆ ಅಕ್ಕಾ?”

“ಒಂದ್ ವರ್ಷ ನೋಡೋಣ, ಆಮೇಲೆ ಮುಂದುವರಿಸೋಣ ಅಂದ್ರು. ಬಾಯಿಮಾತು.”

ಗೋಡೆಯ ಮೇಲೆ ಮೊಣಕೈ ಊರಿ ಎಲ್ಲ ಲೆಕ್ಕಗಳ ತಾಯಿಲೆಕ್ಕ ತೆಗೆದೆವು. ಇಂದು ಹುಟ್ಟಿದ ಹೆಣ್ಣುಕರು ಮೊದಲ ಸಲ ಈಯಲು ಸುಮಾರು ಎರಡೂವರೆ ವರ್ಷ ಬೇಕು. ಆಮೇಲೆ ಐದಾರು ಸೂಲು ಎಂದರೂ ಆ ಹಸುವಿನೊಂದಿಗೆ ನಮ್ಮ ಬಾಳು ಎಂಟು, ಹತ್ತು ವರ್ಷದ್ದು. ನಡುವೆ ಪ್ರತಿ ಸೂಲಿಗೆ ಎರಡು ತಿಂಗಳು ಹಾಲು ಬತ್ತಿಸಬೇಕು. ಗಬ್ಬ ನಿಲ್ಲದೆ ತಿಂಗಳುಗಟ್ಟಲೆ ಕಾಯಿಸುವ ಹಸುಗಳಿವೆ. ಆಗಲೂ ಅದರ ಹೊಟ್ಟೆ ರಜೆ ಹಾಕುವುದಿಲ್ಲ. ಸೀಮೆಹುಲ್ಲು ಒಮ್ಮೆ ನೆಟ್ಟರೆ ಮೂರು, ನಾಲ್ಕು ವರ್ಷ ಕೊಯ್ಯುವ ಬೆಳೆ. ಕಡ್ಡಿ ನೆಡುವುದು, ಹನಿ ನೀರಾವರಿ, ಬೇಲಿ, ಇದೆಲ್ಲದರ ಖರ್ಚು ಮೊದಲ ವರ್ಷದಲ್ಲೇ. ಗುತ್ತಿಗೆಯ ಮಾತು ಮಾತ್ರ ಒಂದು ವರ್ಷಕ್ಕೆ. ಹತ್ತು ವರ್ಷ ಬಾಳುವ ಹಸು, ನಾಲ್ಕು ವರ್ಷ ನಿಲ್ಲುವ ಹುಲ್ಲು, ಒಂದು ವರ್ಷದ ನೆಲ. ಈ ಮೂರು ಆಯಸ್ಸು ಹೊಂದಿಕೊಳ್ಳುವುದಿಲ್ಲ. ನಾನು ಕಂಡ ಹಾಗೆ ಗುತ್ತಿಗೆ ನಂಬಿ ಕೈಸುಟ್ಟುಕೊಂಡವರೆಲ್ಲ ಸುಟ್ಟುಕೊಂಡದ್ದು ಇಲ್ಲೇ.

ಅದೂ ಹೊಸಕೋಟೆಯ ಆಚೆಯ ನೆಲ. ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿ ಅಲ್ಲಿಂದಲೇ ಹೊರಡುತ್ತದೆ. ಉಪನಗರ ವರ್ತುಲ ರಸ್ತೆ ಅಲ್ಲಿಗೇ ಬಂದು ಸೇರುತ್ತದೆ. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಹಾಗೆ ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಾರೆ. ಕಾಯುವಷ್ಟು ದಿನ ಪಾಳು ಬೀಳದಿರಲಿ ಎಂದು ಗುತ್ತಿಗೆಗೆ ಕೊಡುತ್ತಾರೆ. ಅವರು ಕೆಟ್ಟವರಲ್ಲ. ಆದರೆ ಲೇಔಟಿನವನು ಮುಂಗಡ ಹಿಡಿದು ಬಂದ ದಿನ, ಅಕ್ಕ ನೆಟ್ಟ ಹುಲ್ಲು ಎಷ್ಟನೇ ಕೊಯ್ಲಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

“ಒಂದು ಅಗ್ರಿಮೆಂಟು ಮಾಡಿಸ್ಕೊಂಡ್ರೆ?” ಎಂದರು ಅಕ್ಕ.

ಇಲ್ಲಿ ನಮ್ಮ ನಾಡಿನ ದೊಡ್ಡ ಕತೆಯೊಂದು ಅಡ್ಡ ಬರುತ್ತದೆ. ಉಳುವವನೇ ಹೊಲದೊಡೆಯ ಎಂದು ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಆಯಿತಲ್ಲ, ಆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. 7ನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಲೆಮಾರುಗಳಿಂದ ಗೇಣಿ ಅಳೆದವರು ಒಡೆಯರಾದರು. ನಾಡಿನ ಪುಣ್ಯದ ಕೆಲಸಗಳಲ್ಲಿ ಅದೊಂದು, ಅದನ್ನು ಎಂದೂ ಮರೆಯಬಾರದು. ಅದೇ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಉಂಟು. ಸಾಮಾನ್ಯ ಗುತ್ತಿಗೆಗೆ ಇಲ್ಲ. ಹಾಗಾಗಿ ಊರೂರಲ್ಲಿ ನಡೆಯುವ ಗುತ್ತಿಗೆ, ಕೋರು, ವಾರ ಎಲ್ಲವೂ ಬಾಯಿಮಾತಿನ ಮೇಲೆಯೇ ನಿಂತಿದೆ. ಗೇಣಿದಾರ ಹಕ್ಕು ಕೇಳಿಯಾನೆಂದು ಜಮೀನಿನವನಿಗೆ ಭಯ, ಬೆಳೆ ನಿಂತಾಗಲೇ ಬಿಡು ಎಂದಾನೆಂದು ಹಿಡಿದವನಿಗೆ ಭಯ. ಬೆಳೆ ಸಾಲ, ಬೆಳೆ ನಷ್ಟದ ಪರಿಹಾರವೆಲ್ಲ ಪಹಣಿಯಲ್ಲಿ ಹೆಸರಿರುವವನ ಕಡೆಗೇ ಹೋಗುತ್ತದೆ. ಬಾಂಡ್ ಪೇಪರಿನಲ್ಲಿ ಬರೆಸಿಕೊಂಡ ಗುತ್ತಿಗೆ ಅಕ್ಕನನ್ನು ಕಾಯುತ್ತದೆಂದು ನಾನು ಧೈರ್ಯ ಹೇಳಲಾರೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಹಸು ಕಟ್ಟೋರು ಎಲ್ಲಿಗೋಗ್ಬೇಕು ಮೇಷ್ಟ್ರೇ? ನಮ್ಮತ್ತೆ ಕಾಲದಲ್ಲಿ ಗೋಮಾಳ ಇತ್ತು, ಹೊಡ್ಕೊಂಡೋಗಿ ಬಿಟ್ರೆ ಆಯ್ತಿತ್ತು” ಎಂದರು.

ಆ ಪ್ರಶ್ನೆ ನನ್ನ ಎದೆಗೆ ನಾಟಿತು. ಹಸುವಿಗೆ ನೆಲ ಬೇಕೆಂದು ಈ ನಾಡಿಗೆ ಗೊತ್ತಿರಲಿಲ್ಲವೆಂದಲ್ಲ. ನೂರು ದನಕ್ಕೆ 30 ಎಕರೆ ಗೋಮಾಳ ಬಿಡಬೇಕೆಂದು ಕಂದಾಯ ನಿಯಮದಲ್ಲೇ ಇದೆ. ಅದಕ್ಕೂ ಬಹಳ ಹಿಂದೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಅಂದರೆ ಅರಮನೆಯ ರಾಸುಗಳ ಇಲಾಖೆ, ಇತ್ತು. ಟಿಪ್ಪು ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂದು ಹೆಸರಾಯಿತು. ಆ ರಾಸುಗಳಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಮೇಯುವ ಕಾವಲುಗಳನ್ನು ಬಿಟ್ಟಿದ್ದರು. ಆ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸುವುದು ಒಂದು ವಿಚಾರ. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಕೆರೆಯಂಗಳದಲ್ಲಿ ಹುಲ್ಲು ಉಳಿಯುವಲ್ಲಿ, ಮರದ ನೆರಳು ಸಿಗುವಲ್ಲಿ ಬೇಸಿಗೆಯ ಕಾವಲು. ವರ್ಷವಿಡೀ ಒಂದೇ ನೆಲವನ್ನು ನಂಬಲಿಲ್ಲ. ಯಾವ ಕಾಲಕ್ಕೆ ಏನು ಸಾಲದು ಎಂದು ನೋಡಿ ಆ ಕಾಲಕ್ಕೆ ನೆಲ ಹೊಂದಿಸಿದರು. ಅರಮನೆಯ ಹಿಂಡಿಗೆ ಒದಗಿದ ಈ ಬುದ್ಧಿ ಅಕ್ಕನ ಎಂಟು ಹಸುವಿಗೂ ಒದಗುತ್ತದೆ ಎಂಬುದೇ ನಾನು ಹೇಳಬೇಕೆಂದಿದ್ದ ಮಾತು.

“ಅಕ್ಕಾ, ವರ್ಷದಲ್ಲಿ ಯಾವ ತಿಂಗಳು ನಿಮಗೆ ಹುಲ್ಲು ಸಾಲೋದಿಲ್ಲ?”

ಅಕ್ಕ ಬೆರಳು ಮಡಿಸಿ ಹೇಳಿದರು. ಜೂನಿನಿಂದ ನವೆಂಬರ್‌ವರೆಗೆ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೇಕಾದಷ್ಟು ಹುಲ್ಲು. ಕೆ.ಆರ್. ಪುರದ ಸಂತೆ ಮುಗಿದ ಮೇಲೆ ಎಲೆಕೋಸಿನ ಎಲೆ, ಹೂಕೋಸಿನ ದಂಟು. ಡಿಸೆಂಬರ್, ಜನವರಿಗೆ ರಾಗಿ ಕಟಾವಾಗಿ ಹೊಸ ರಾಗಿಹುಲ್ಲು ಬರುತ್ತದೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುವವರೆಗೂ ಚಿಂತೆಯಿಲ್ಲ. ಫೆಬ್ರವರಿ ಹುಟ್ಟಿತೆಂದರೆ ಬವಣೆ ಶುರು, ಮೇ ತಿಂಗಳ ಮಳೆ ಬೀಳುವ ತನಕ.

ಅಂದರೆ ಕೊರತೆಯಿರುವುದು ನಾಲ್ಕು ತಿಂಗಳಿಗೆ. 120 ದಿನ, ದಿನಕ್ಕೆ 200 ಕಿಲೋ. 24 ಟನ್.

ಇಷ್ಟು ಮೇವಿಗೆ ವರ್ಷವಿಡೀ ನೀರುಣಿಸುವ ಹುಲ್ಲುಗಾವಲು ಬೇಡ. ಮುಂಗಾರಿನಲ್ಲಿ ಮುಸುಕಿನ ಜೋಳ ಬಿತ್ತಿದರೆ ಸಾಕು. ಮೇವಿಗೆಂದೇ ಇರುವ ಆಫ್ರಿಕನ್ ಟಾಲ್ ತಳಿ ಎಕರೆಗೆ 15 ಟನ್ ಕೊಡುತ್ತದೆ, ಎರಡೆಕರೆಗೆ 30. ಮಳೆಯಲ್ಲೇ ಬೆಳೆಯುತ್ತದೆ. ತೆನೆಯ ಕಾಳು ಹಾಲುತುಂಬಿ ಗಟ್ಟಿಯಾಗತೊಡಗಿದಾಗ, ಎಂಬತ್ತು ತೊಂಬತ್ತು ದಿನಕ್ಕೆ ಕಡಿದು, ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ಗಾಳಿಯಾಡದ ಹಾಗೆ ಚೀಲಕ್ಕೆ ತುಳಿದು ತುಂಬಿ ಕಟ್ಟಿಟ್ಟರೆ ಒಂದೂವರೆ ತಿಂಗಳಲ್ಲಿ ರಸಮೇವು ಸಿದ್ಧ. ಚೀಲ ಹರಿಯದಿದ್ದರೆ ಬೇಸಿಗೆ ಮುಗಿಯುವವರೆಗೂ ಕೆಡುವುದಿಲ್ಲ. ಹಾಳಾಗುವ ಪಾಲನ್ನು ಕಳೆದರೂ 24 ಟನ್ ಕೈಯಲ್ಲಿ ಉಳಿಯುತ್ತದೆ. ಅಷ್ಟನ್ನೂ ಒಂದು ಶೆಡ್ಡಿನಲ್ಲಿ ಒಟ್ಟಿಡಬಹುದು.

ಸಾಗಣೆಯಲ್ಲೂ ಉಳಿತಾಯವಿದೆ. ಹಸಿ ಸೀಮೆಹುಲ್ಲಿನ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಅದನ್ನು ಕೊಯ್ದಿಟ್ಟರೆ ಬಾಡುತ್ತದೆ, ರಾಶಿ ಹಾಕಿದರೆ ಬಿಸಿಯೇರುತ್ತದೆ. ದಿನಕ್ಕೆ 200 ಕಿಲೋ ತರಲು ಟಾಟಾ ಏಸ್ ದಿನವೂ ಹೊಸಕೋಟೆಗೆ ಓಡಬೇಕು. ಹಳೇ ಮದ್ರಾಸ್ ರಸ್ತೆಯ ದಟ್ಟಣೆಯಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದು, ಮಧ್ಯಾಹ್ನದ ಕರಾವಿಗೆ ಕೈ ಕಡಿಮೆಯಾಗುತ್ತದೆ. ರಸಮೇವನ್ನು ವರ್ಷಕ್ಕೊಮ್ಮೆ ದೊಡ್ಡ ಲಾರಿಯಲ್ಲಿ ತಂದು ಇಳಿಸಿಕೊಂಡರೆ ಮುಗಿಯಿತು.

“ಅಂದ್ರೆ ಎರಡೆಕರೆ ಹಿಡೀರಿ ಅಂತೀರಾ, ಬೇಡ ಅಂತೀರಾ?”

“ನೆಲ ಹಿಡೀಬೇಡಿ, ಬೆಳೆ ಹಿಡೀರಿ” ಎಂದೆ.

ಜಮೀನಿನವರು ಯಾರೋ, ಅವರೇ ಉತ್ತು ಬಿತ್ತಲಿ. ಬೀಜ ಯಾವುದು, ಕಟಾವು ಯಾವಾಗ, ಟನ್ನಿಗೆ ಎಷ್ಟು, ಮುಂಗಡ ಎಷ್ಟು ಎಂದು ಮುಂಗಾರಿಗೆ ಮೊದಲೇ ಮಾತಾಗಲಿ. ವೇಬ್ರಿಡ್ಜಿನಲ್ಲಿ ತೂಗಿ ಹಣ ಕೊಡಿ. ನೆಲ ಅವರದು, ಬೇಸಾಯ ಅವರದು, ಬೆಳೆದ ಮೇವು ನಿಮ್ಮದು. ಇದು ಮೇವಿನ ಕೊಳ್ಳುವಿಕೆ, ಕಾಗದದಲ್ಲಿ ಬರೆಯಲು ಯಾರಿಗೂ ಹೆದರಿಕೆಯಿಲ್ಲ. ಮುಂದಿನ ವರ್ಷ ಅಲ್ಲಿ ಲೇಔಟ್ ಎದ್ದರೆ ಮಾಲೂರಿನ ಕಡೆಯೋ ಚಿಂತಾಮಣಿಯ ಕಡೆಯೋ ಇನ್ನೊಬ್ಬ ರೈತರ ಹೊಲ ನೋಡಬಹುದು. ನೆಟ್ಟ ಕಡ್ಡಿ, ಹಾಕಿದ ಪೈಪು ಬಿಟ್ಟು ಬರುವ ಸಂಕಟವಿರುವುದಿಲ್ಲ.

ಗೊಬ್ಬರದ ವಿಚಾರವನ್ನೂ ಇದರೊಂದಿಗೇ ಬಗೆಹರಿಸಬೇಕು. ಹಸುವೊಂದು ದಿನಕ್ಕೆ 15 ಕಿಲೋ ಮೇಲ್ಪಟ್ಟು ಸಗಣಿ ಹಾಕುತ್ತದೆ, ಎಂಟರಿಂದ 120 ಕಿಲೋ. ಅಕ್ಕನ ಅತ್ತೆಯ ಕಾಲದಲ್ಲಿ ಅದು ತಿಪ್ಪೆಗೆ ಬಿದ್ದು, ಯುಗಾದಿಗೆ ಮೊದಲು ಗಾಡಿಯಲ್ಲಿ ಹೊಲ ಸೇರುತ್ತಿತ್ತು. ಈಗ ತಿಪ್ಪೆಗೆ ಜಾಗವಿಲ್ಲ. ಮಳೆ ಬಂದರೆ ಚರಂಡಿ ಕಟ್ಟುತ್ತದೆ, ಬೀದಿಯವರಿಗೂ ಅಕ್ಕನಿಗೂ ಮಾತು ಬರುತ್ತದೆ. ಚರಂಡಿಯ ನೀರು ಕೊನೆಗೆ ಸೇರುವುದು ಕೆರೆಗೇ. ಮೇವು ಬೆಳೆದುಕೊಡುವ ರೈತರಿಗೆ ಗೊಬ್ಬರ ಬೇಕು, ಅಕ್ಕನಿಗೆ ಅದನ್ನು ಸಾಗಿಸಬೇಕು. ಗೊಬ್ಬರ ತುಂಬಿದಾಗಲೆಲ್ಲ ಅವರ ಹೊಲಕ್ಕೆ ಹೋಗಲಿ, ಅದರ ಬೆಲೆಯನ್ನು ಮೇವಿನ ಲೆಕ್ಕದಲ್ಲಿ ಕಳೆಯಲಿ. ನಗರಕ್ಕೆ ಹಾಲು ಕೊಡುವ ಹೊಲಕ್ಕೆ ಮಣ್ಣಿನ ಸಾರ ಹಿಂದಿರುಗಿದರೆ ಆ ಹೊಲ ಮುಂದೆಯೂ ಬೆಳೆಯುತ್ತದೆ.

ಹೊಸ ನಾಲ್ಕು ಹಸುಗಳ ಮಾತಿಗೆ ಆಮೇಲೆ ಬಂದೆವು. ಅಕ್ಕನ ಎಂಟರಲ್ಲಿ ಆಗ ಹಾಲು ಕೊಡುತ್ತಿದ್ದದ್ದು ಐದು. ಎರಡು ತುಂಬುಗಬ್ಬ, ಒಂದು ಗಬ್ಬವೇ ನಿಲ್ಲದೆ ನಿಂತಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಮೇಲೆ ಬರಡು ಹಸು, ಗಂಡುಕರುಗಳನ್ನು ಕೊಳ್ಳುವವರು ಕಡಿಮೆ. ಸಾಕಿದ ಕೈ ಅವನ್ನು ಬೀದಿಗೆ ಬಿಡಲೂ ಒಪ್ಪುವುದಿಲ್ಲ. ಹನ್ನೆರಡು ಹಸು ಕಟ್ಟಿದರೆ ಹಾಲಿಲ್ಲದ ಹೊಟ್ಟೆಗಳೂ ಅದೇ ಪಾಲಿನಲ್ಲಿ ಏರುತ್ತವೆ. ಇರುವ ಎಂಟಕ್ಕೆ ಬೇಸಿಗೆಯಲ್ಲೂ ಹೊಟ್ಟೆ ತುಂಬ ಮೇವು ಸಿಕ್ಕರೆ ಹಾಲು ಇಳಿಯುವುದಿಲ್ಲ, ಬೆದೆಗೆ ಹೊತ್ತಿಗೆ ಸರಿಯಾಗಿ ಬರುತ್ತವೆ, ಗಬ್ಬ ನಿಲ್ಲುತ್ತದೆ. ಒಂಬತ್ತನೆಯ ಹಸು ಕೊಟ್ಟಿಗೆಯಲ್ಲೇ ಹುಟ್ಟಿದ ಹೆಣ್ಣುಕರುವಾಗಿ ಬರಲಿ. ಸಂತೆಯಿಂದ ಸಾಲ ಮಾಡಿ ತರುವುದು ಬೇಡ.

ಒಂಟಿಯಾಗಿ ಇದನ್ನೆಲ್ಲ ಮಾಡುವುದು ಕಷ್ಟವೆಂದು ನನಗೂ ಗೊತ್ತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದಾಗ ಆಡುಗೋಡಿಯ ಸರ್ಕಾರಿ ಡೇರಿಗೆ ಹೋಗಿ ಗೋಪಾಲನೆಯ ವಿಚಾರ ಕಲಿತರು. ಮುಂದೆ 1942ರಲ್ಲಿ, ರೈತರು ಒಬ್ಬೊಬ್ಬರೇ ಹಸು ಸಾಕುವುದಕ್ಕಿಂತ ಕೂಡಿ ಸಾಕುವುದು ಮೇಲೆಂದು ‘ಹರಿಜನ’ ಪತ್ರಿಕೆಯಲ್ಲಿ ವಾದಿಸಿದರು. ಕಲ್ಕೆರೆ, ಹೊರಮಾವು, ಕೌದೇನಹಳ್ಳಿಯ ಕಡೆ ಹಸು ಕಟ್ಟುವ ಮನೆಗಳು ಇನ್ನೂ ಇವೆ. ನಾಲ್ಕು ಮನೆ ಸೇರಿದರೆ ಒಂದು ಕತ್ತರಿಸುವ ಯಂತ್ರ, ಒಂದು ಲಾರಿ, ಎಂಟೆಕರೆ ಜೋಳದ ಮಾತು. ಎಂಟೆಕರೆ ಎಂದರೆ ಬೆಳೆಯುವ ರೈತರೂ ಗಂಭೀರವಾಗಿ ಕೂತು ಮಾತಾಡುತ್ತಾರೆ.

ನಗರವೂ ತನ್ನ ಪಾಲು ಕೊಡಬೇಕು. ಕೆರೆಗಳಿಗೆ ಬೇಲಿ ಹಾಕಿ ನಡೆದಾಡುವ ಹಾದಿ ಮಾಡುವಾಗ ಹುಲ್ಲು ಕೊಯ್ಯುವ ಹೆಂಗಸರಿಗೂ ಒಂದು ಬಾಗಿಲು ಬಿಡಬೇಕು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಮರಳಿ ಜೀವಂತಗೊಳಿಸುವಾಗ ಹುಲ್ಲು ಕೊಯ್ಯುವವರನ್ನು ಹೊರಗಟ್ಟಲಿಲ್ಲ. ನಮ್ಮ ರಾಂಪುರ ಕೆರೆ, ಕಲ್ಕೆರೆ ಕೆರೆಗೂ ಅದೇ ಆಗಲಿ. ಅದಕ್ಕೆ ಮೊದಲು ಕೊಳಚೆ ನೀರು ಕೆರೆಗೆ ಬೀಳುವುದು ನಿಲ್ಲಬೇಕು. ಕೊಳಚೆಯಲ್ಲಿ ಬೆಳೆದ ಹುಲ್ಲಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳು ಸೇರುತ್ತವೆಂದು ಬೆಂಗಳೂರಿನ ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ. ಆ ಹುಲ್ಲು ತಿಂದ ಹಸುವಿನ ಹಾಲು ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ.

“ಭಾನುವಾರ ಜಮೀನು ನೋಡೋಕೆ ಹೋಗ್ತೀವಿ. ನೀವೂ ಬಂದ್ಬಿಡಿ ಮೇಷ್ಟ್ರೇ” ಎಂದರು ಅಕ್ಕ.

ಬರುತ್ತೇನೆಂದೆ. ಜಮೀನಿನವರನ್ನು ಕೇಳಬೇಕಾದ ಮಾತುಗಳನ್ನು ಅಲ್ಲೇ ಗೋಡೆಯ ಮೇಲೆ ಕಾಗದವಿಟ್ಟು ಬರೆದುಕೊಂಡೆವು. ಪಹಣಿ ಯಾರ ಹೆಸರಿನಲ್ಲಿದೆ, ಪಾಲುದಾರರು ಎಷ್ಟು ಜನ? ಹೋದ ಮುಂಗಾರಿನಲ್ಲಿ ಏನು ಬಿತ್ತಿದ್ದರು, ಎಷ್ಟು ಬಂತು? ಲಾರಿ ಹೊಲದ ಬದುವಿನವರೆಗೆ ಬರುತ್ತದೆಯೇ? ಗೊಬ್ಬರ ತೆಗೆದುಕೊಳ್ಳುತ್ತಾರೆಯೇ? ಬಿತ್ತಿ ಬೆಳೆದು ಟನ್ ಲೆಕ್ಕದಲ್ಲಿ ಕೊಡಲು ಒಪ್ಪುತ್ತಾರೆಯೇ? ಕೊನೆಯದಕ್ಕೆ ಹೌದೆಂದರೆ ಜೂನ್ ಬಿತ್ತನೆಗೆ ಮುಂಗಡ ಕೊಟ್ಟು ಬರುವುದು. ನೆಲವನ್ನೇ ಹಿಡಿಯಿರಿ ಎಂದು ಪಟ್ಟು ಹಿಡಿದರೆ, ಕೈಮುಗಿದು ಎದ್ದು ಇನ್ನೊಬ್ಬ ರೈತರ ಮನೆಗೆ ಹೋಗುವುದು. ಅಕ್ಕ ಇದಕ್ಕೆ ಒಪ್ಪಿದ್ದಾರೆ. ಯಜಮಾನರನ್ನು ಒಪ್ಪಿಸುವ ಕೆಲಸ ನಮ್ಮಿಬ್ಬರದು.